ಬೆಟ್ಟದ ನೀರು ಯಾರನ್ನು ಹೊತ್ತಿತು?

ಪೋರ್ಚುಗಲ್ಲಿನ ಬ್ರಾಗಾ ನಗರದ ಅಂಚಿನಲ್ಲಿ ಬೊಂ ಜೆಸುಸ್ ಎಂಬ ಗುಡ್ಡವಿದೆ. ನೆತ್ತಿಯಲ್ಲಿ ಇಗರ್ಜಿ, ಅಲ್ಲಿಗೆ ಹತ್ತಲು ನೂರಾರು ಮೆಟ್ಟಿಲು. ಆ ಮೆಟ್ಟಿಲುಗಳ ಮಗ್ಗುಲಲ್ಲೇ 1882ರ ಮಾರ್ಚ್ 25ರಂದು ಒಂದು ಪುಟ್ಟ ರೈಲು ಓಡತೊಡಗಿತು, ಇಂದಿಗೂ ಓಡುತ್ತಿದೆ. ಹಳಿಯ ಉದ್ದ 274 ಮೀಟರ್, ಏರುವ ಎತ್ತರ 116 ಮೀಟರ್. ಅದಕ್ಕೆ ಉಗಿ ಎಂಜಿನ್ ಇಲ್ಲ, ವಿದ್ಯುತ್ ಮೋಟಾರೂ ಇಲ್ಲ. ಒಂದೇ ಉಕ್ಕಿನ ಹಗ್ಗದ ಎರಡು ತುದಿಗೆ ಎರಡು ಬೋಗಿಗಳನ್ನು ಕಟ್ಟಲಾಗಿದೆ. ಹಗ್ಗ ನೆತ್ತಿಯಲ್ಲಿರುವ ದೊಡ್ಡ ರಾಟೆಯನ್ನು ಬಳಸಿ ಇಳಿಯುತ್ತದೆ. ಒಂದು ಬೋಗಿ ಮೇಲಿದ್ದಾಗ ಇನ್ನೊಂದು ಕೆಳಗೆ. ಪ್ರತಿ ಬೋಗಿಯ ಅಡಿಯಲ್ಲೊಂದು ನೀರಿನ ಟ್ಯಾಂಕಿ. ಕೆಳಗೆ ಎಷ್ಟು ಜನ ಹತ್ತಿದ್ದಾರೆ ಎಂಬ ಸೂಚನೆ ಮೇಲಕ್ಕೆ ಬರುತ್ತದೆ. ಮೇಲಿನವರು ಆ ಲೆಕ್ಕಕ್ಕೆ ತಕ್ಕಷ್ಟು ನೀರನ್ನು ತಮ್ಮ ಟ್ಯಾಂಕಿಗೆ ಬಿಡುತ್ತಾರೆ. ಮೇಲಿನ ಬೋಗಿ ಕೆಳಗಿನದಕ್ಕಿಂತ ತುಸು ಭಾರವಾದ ಕೂಡಲೇ, ಬ್ರೇಕು ಸಡಿಲಿಸಿದರೆ ಸಾಕು, ಅದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಕೆಳಗೆ ಮುಟ್ಟಿದ ಬೋಗಿ ನೀರನ್ನು ಚೆಲ್ಲಿ ಹಗುರಾಗುತ್ತದೆ. ಹಳಿಗಳ ನಡುವೆ ಹಲ್ಲುಕಂಬಿ ಇದೆ. ಬೋಗಿಯ ಹಲ್ಲುಚಕ್ರ ಅದಕ್ಕೆ ಕಚ್ಚಿಕೊಂಡು ವೇಗವನ್ನು ಹಿಡಿತದಲ್ಲಿಡುತ್ತದೆ.

ಇದರ ಲೆಕ್ಕ ಶಾಲೆಯ ಮಕ್ಕಳಿಗೂ ತಿಳಿಯುವಷ್ಟು ಸರಳ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಖಾಲಿ ಬೋಗಿಗಳೆರಡೂ ಒಂದನ್ನೊಂದು ತೂಗಿಸಿಕೊಳ್ಳುವುದರಿಂದ ಅವುಗಳ ಭಾರಕ್ಕೆ ನೀರು ಖರ್ಚಾಗುವುದಿಲ್ಲ. ಹತ್ತುವವರ ತೂಕ, ಇಳಿಯುವವರ ತೂಕ ಇವೆರಡರ ವ್ಯತ್ಯಾಸಕ್ಕೆ ಮತ್ತು ಉಜ್ಜಾಟದ ನಷ್ಟಕ್ಕೆ ಮಾತ್ರ ನೀರು ಬೇಕು. ಗುಡ್ಡ ಐವತ್ತು ಮೀಟರ್ ಇರಲಿ, ನೂರೈವತ್ತು ಮೀಟರ್ ಇರಲಿ, ಒಂದು ಟನ್ ಜನರನ್ನು ಮೇಲೆತ್ತಲು ಬೇಕಾದದ್ದು ಒಂದು ಟನ್ನಿಗಿಂತ ತುಸು ಹೆಚ್ಚು ನೀರು, ಅಷ್ಟೆ. ಜರ್ಮನಿಯ ವೀಸ್‌ಬಾಡೆನ್ ನಗರದ ನೆರೋಬೆರ್ಗ್ ಗುಡ್ಡದಲ್ಲಿ 1888ರಿಂದ ಇಂಥದೇ ರೈಲಿದೆ; 83 ಮೀಟರ್ ಎತ್ತರಕ್ಕೆ ಅದು ಒಂದು ಸಲಕ್ಕೆ ಹೆಚ್ಚೆಂದರೆ 7,000 ಲೀಟರ್ ನೀರು ತುಂಬಿಸಿಕೊಳ್ಳುತ್ತದೆ. ಅಷ್ಟು ನೀರು ಅಷ್ಟು ಎತ್ತರದಿಂದ ಇಳಿದಾಗ ಸಿಗುವ ಶಕ್ತಿಯನ್ನು ಇಂದಿನ ಕರೆಂಟು ಬಿಲ್ಲಿನ ಅಳತೆಗೆ ತಂದರೆ ಒಂದೂವರೆ ಯೂನಿಟ್ಟಿಗೆ ತುಸು ಮೇಲೆ. ಒಂದು ಬೋಗಿ ತುಂಬ ಜನರನ್ನು ಗುಡ್ಡಕ್ಕೇರಿಸಲು ಅದು ಸಾಕಾಗುತ್ತದೆ.

ನಮ್ಮ ಉಡುಪಿ ಜಿಲ್ಲೆಯ ಎರ್ಮಾಳಿನ ಕಡಲದಂಡೆಯಿಂದ ಪೂರ್ವಕ್ಕೆ ಹೊರಟರೆ ಇಂಥ ರೈಲಿಗೆ ಬೇಕಾದುದೆಲ್ಲ ಇಲ್ಲೇ ಇದ್ದಂತೆ ತೋರುತ್ತದೆ. ಮೊದಲು ಕುಂಜಾರುಗಿರಿ, ಮಣಿಪಾಲದಂಥ ಮುರಕಲ್ಲಿನ ಗುಡ್ಡಗಳು. ಆಮೇಲೆ ಕಾರ್ಕಳದ ಕರಿ ಪಾದೆಗಳು. ಐವತ್ತು ಕಿಲೋಮೀಟರಿನೊಳಗೇ ಘಟ್ಟದ ಗೋಡೆ. ಆ ಗೋಡೆಯ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಕುಂಜಾರುಗಿರಿಯ ದುರ್ಗೆಯ ಗುಡಿಗೂ ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನಿಗೂ ಬೊಂ ಜೆಸುಸ್ಸಿನ ಇಗರ್ಜಿಗೆ ಇರುವಂತೆಯೇ ಮೆಟ್ಟಿಲುಗಳಿವೆ, ಹತ್ತುವ ಭಕ್ತರಿದ್ದಾರೆ. ಗುಡ್ಡವಿದೆ, ನೀರಿದೆ, ಹತ್ತುವವರಿದ್ದಾರೆ. ಆದರೂ ನೀರಿನ ತೂಕದಿಂದ ಏರುವ ರೈಲು ಇಲ್ಲಿ ಹುಟ್ಟಲಿಲ್ಲ. ಇದಕ್ಕೆ ಸುಲಭವಾಗಿ ಸಿಗುವ ಉತ್ತರ ‘ನಾವು ಹಿಂದುಳಿದಿದ್ದೆವು’ ಎಂಬುದು. ಆ ಉತ್ತರ ತಪ್ಪು ಎಂದು ತೋರಿಸುವುದು ಈ ಲೇಖನದ ಉದ್ದೇಶ. ನೀರಿನ ರೈಲಿನಲ್ಲಿ ಎರಡು ವಿಚಾರಗಳು ಒಂದಾಗಿವೆ: ಭಾರಕ್ಕೆ ಎದುರುಭಾರ ಎಂಬುದು ಒಂದು, ಬೀಳುವ ನೀರಿನ ಬಲ ಎಂಬುದು ಇನ್ನೊಂದು. ಕನ್ನಡ ನಾಡಿನಲ್ಲಿ ಈ ಎರಡೂ ಬೇರೂರಿದವು, ಬೇರೆಬೇರೆಯಾಗಿ. ಅವು ಒಂದೇ ಬೋಗಿಯಲ್ಲಿ ಕೂಡದಿದ್ದುದಕ್ಕೆ ಕಾರಣ ನಮ್ಮ ಮಳೆಯ ಪಂಚಾಂಗದಲ್ಲಿ, ನಮ್ಮ ಸರಕು ಸಾಗುವ ದಿಕ್ಕಿನಲ್ಲಿ ಮತ್ತು ಕೆಲಸ ಇರುವ ಜಾಗದಲ್ಲಿದೆ.

ಮೊದಲು ಈ ರೈಲುಗಳು ಎಲ್ಲಿ ಬದುಕಿದವು ಎಂದು ನೋಡಬೇಕು. ಸ್ವಿಟ್ಜರ್ಲೆಂಡಿನ ಫ್ರಿಬೂರ್ ನಗರದಲ್ಲಿ 1899ರಲ್ಲಿ ಆರಂಭವಾದ ರೈಲು ಕೆಳಪೇಟೆಯಿಂದ ಮೇಲ್ಪೇಟೆಗೆ 121 ಮೀಟರ್ ಹಳಿಯಲ್ಲಿ 56 ಮೀಟರ್ ಏರುತ್ತದೆ. ಅದಕ್ಕೆ ತುಂಬಿಸುವುದು ಮೇಲ್ಪೇಟೆಯ ಮನೆಗಳಿಂದ ಹರಿದುಬರುವ ಕೊಳಚೆ ನೀರನ್ನು, ಸೋಸಿ. ಬೋಗಿ ಹತ್ತಿರ ಬಂದಾಗ ವಾಸನೆಯೂ ಬರುತ್ತದೆ. ಊರಿನವರು ಅದನ್ನು ಸಹಿಸಿಕೊಂಡು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಓಡಾಡಿದ್ದಾರೆ. ಇಂಗ್ಲೆಂಡಿನ ಲಿಂಟನ್ ಮತ್ತು ಲಿನ್‌ಮತ್ ಎಂಬ ಜೋಡಿ ಊರುಗಳ ನಡುವಿನ ಕಡಿದಾದ ಕಡಲಬಂಡೆಯ ಮೇಲೆ 1890ರಲ್ಲಿ ಹಾಕಿದ ಹಳಿಯ ಉದ್ದ 862 ಅಡಿ, ಎತ್ತರ 500 ಅಡಿ. ಅಲ್ಲಿ ವೆಸ್ಟ್ ಲಿನ್ ನದಿಯ ನೀರು ವರ್ಷವಿಡೀ ಮೇಲಿನ ನಿಲ್ದಾಣಕ್ಕೆ ತಾನಾಗಿ ಹರಿದು ಬರುತ್ತದೆ. ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ನಕಾಶೆ ಮೂಡುತ್ತದೆ. ಇಳಿಜಾರು ಗಿಡ್ಡ ಮತ್ತು ನೇರ. ಹೊರುವುದು ಹೆಚ್ಚಾಗಿ ಜನರನ್ನು. ಕೆಳಗೊಂದು ಪೇಟೆ, ಮೇಲೊಂದು ಪೇಟೆ ಅಥವಾ ವಿಹಾರತಾಣ, ದಿನವಿಡೀ ಓಡಾಟ. ಎಲ್ಲಕ್ಕಿಂತ ಮುಖ್ಯವಾಗಿ, ನೆತ್ತಿಯಲ್ಲಿ ಹನ್ನೆರಡು ತಿಂಗಳೂ ಬೇರೆ ಯಾರಿಗೂ ಬೇಡವಾದ ನೀರು. ಫ್ರಿಬೂರಿನಲ್ಲಿ ಅದು ಚರಂಡಿಯದು, ಲಿಂಟನ್ನಿನಲ್ಲಿ ಹೇಗೂ ಸಮುದ್ರ ಸೇರುವ ನದಿಯದು. ಈ ಷರತ್ತುಗಳಲ್ಲಿ ಒಂದು ತಪ್ಪಿದ ಕಡೆ ನೀರಿನ ರೈಲು ಹಲವು ಸಲ ಬೇರೆ ಎಂಜಿನ್ನಿಗೆ ಜಾಗ ಬಿಟ್ಟುಕೊಟ್ಟಿದೆ.

ಈಗ ನಮ್ಮ ಗುಡ್ಡಗಳಿಗೆ ಬರೋಣ. ಕರಾವಳಿಯ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಮುರಕಲ್ಲಿನ ಗುಡ್ಡ ಆ ನೀರನ್ನು ನೆತ್ತಿಯಲ್ಲಿ ಹಿಡಿದಿಡುವುದಿಲ್ಲ. ಕುಡಿದು ಒಳಗೆ ಇಳಿಸಿ ಬುಡದ ತೋಡಿಗೆ, ಬಾವಿಗೆ, ಗದ್ದೆಗೆ ಬಿಡುತ್ತದೆ. ಇದಕ್ಕೆ ದೊಡ್ಡ ಸಾಕ್ಷಿ ಕಾಸರಗೋಡು, ಬಂಟ್ವಾಳ, ಪುತ್ತೂರು ಕಡೆಯ ಸುರಂಗಗಳು. ಗುಡ್ಡದ ಮಗ್ಗುಲಿಗೆ ಅಡ್ಡವಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲದಲ್ಲಿ ಹತ್ತಾರು ಮೀಟರ್ ಕೊರೆದು, ಒಳಗೆ ಜಿನುಗುವ ನೀರನ್ನು ಇಳಿಜಾರಿನಲ್ಲೇ ಹೊರಗಿನ ಕೊಳಕ್ಕೆ ತರುವ ಕಟ್ಟುಗಾರಿಕೆ ಅದು. ಅಡ್ಯನಡ್ಕದ ಬಳಿ ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬೇಸಗೆಯಲ್ಲಿ ಸುರಂಗದ ಬಾಯಿಂದ ಬರುವುದು ಬೆರಳು ಗಾತ್ರದ ಧಾರೆ. ಅದರ ಪ್ರತಿ ಕೊಡಕ್ಕೂ ಅಡಿಕೆ ಮರ, ದನದ ಬಾನಿ, ಅಡಿಗೆಮನೆ ಕಾದು ಕುಳಿತಿರುತ್ತವೆ. ಗುಡ್ಡದ ನೀರಿಗೆ ಇಷ್ಟು ಬೆಲೆಯಿರುವ ನಾಡಿನಲ್ಲಿ ಅದನ್ನು ಟ್ಯಾಂಕಿಗೆ ತುಂಬಿ ಬುಡದಲ್ಲಿ ಚೆಲ್ಲುವ ಯೋಚನೆ ಯಾರಿಗೂ ಬರುವಂತಿಲ್ಲ. ಮಣಿಪಾಲದ ಕಥೆ ಇನ್ನೂ ಸ್ಪಷ್ಟ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟುವ ಹೊತ್ತಿಗೆ ಅದು ಬೋಳುಗುಡ್ಡ. ಇಂದು ಉಡುಪಿ, ಮಣಿಪಾಲ ಎರಡೂ ಕುಡಿಯುವುದು ಕೆಳಗಿನ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಪಂಪು ಮಾಡಿ ಮೇಲೆತ್ತಿದ ನೀರನ್ನು. ಮಳೆ ತಡವಾದ ವರ್ಷ ಮೇ ತಿಂಗಳಲ್ಲಿ ಆ ಅಣೆಕಟ್ಟಿನ ತಳ ಕಾಣುತ್ತದೆ. ನೀರು ಮೇಲಿದ್ದು ಜನ ಕೆಳಗಿದ್ದರೆ ನೀರಿನ ರೈಲು ಹುಟ್ಟುತ್ತದೆ. ಇಲ್ಲಿ ಜನ ಮೇಲೆ, ನೀರು ಕೆಳಗೆ.

ಗುಡ್ಡ ಬಿಟ್ಟು ಘಟ್ಟದ ಮಾತೆತ್ತಬಹುದು. ಘಟ್ಟದ ಮೇಲೆ ನೀರು ಹೆಚ್ಚು ದಿನ ನಿಲ್ಲುತ್ತದೆ. ಚಾರ್ಮಾಡಿ, ಹೆಬ್ರಿ, ಹೊಸನಗರ ಕಡೆಯ ಎಷ್ಟೋ ಮನೆಗಳು ಹಳ್ಳದ ನೀರಿನಿಂದ ಮಳೆಗಾಲ ಕಳೆದ ಮೇಲೂ ಒಂದಷ್ಟು ತಿಂಗಳು ತಮ್ಮದೇ ಪುಟ್ಟ ಟರ್ಬೈನು ತಿರುಗಿಸಿ ದೀಪ ಹಚ್ಚಿಕೊಂಡಿವೆ. ಅಲ್ಲಿ ತೊಡಕಾದದ್ದು ಸರಕಿನ ದಿಕ್ಕು. ಘಟ್ಟದಿಂದ ಭಾರವಾಗಿ ಇಳಿದು ಬಂದದ್ದು ಮರದ ದಿಮ್ಮಿ, ಕಾಫಿ, ಅಡಿಕೆ, ಕಾಳುಮೆಣಸು, ಕೊನೆಗೆ ಕಬ್ಬಿಣದ ಅದಿರು. ಏರಿ ಹೋದದ್ದು ಉಪ್ಪು, ಒಣಮೀನು, ಹಂಚು. ಇಳಿಯುವ ಹೊರೆ ಏರುವ ಹೊರೆಗಿಂತ ಭಾರವಾದ ಕಡೆ ನೀರಿನ ಟ್ಯಾಂಕಿ ಬೇಕಿಲ್ಲ, ಸರಕೇ ಎದುರುಭಾರ. ಪರಂಬಿಕುಳಂ ಕಾಡಿನ ತೇಗ, ಬೀಟೆಯನ್ನು ಚಾಲಕುಡಿಗೆ ಇಳಿಸಲು ಕೊಚ್ಚಿ ಸಂಸ್ಥಾನ 1907ರಲ್ಲಿ ಶುರುಮಾಡಿದ ಅರಣ್ಯ ಟ್ರಾಮ್‌ವೇ ಇದನ್ನು ಮಾಡಿ ತೋರಿಸಿತು: ಕಡಿದಾದ ಓರೆಗಳಲ್ಲಿ ದಿಮ್ಮಿ ತುಂಬಿದ ಗಾಡಿ ಇಳಿಯುತ್ತ ಖಾಲಿ ಗಾಡಿಯನ್ನು ಹಗ್ಗದಲ್ಲಿ ಮೇಲೆಳೆಯುತ್ತಿತ್ತು. 1963ರವರೆಗೆ ಅದು ನಡೆಯಿತು. ನಮ್ಮ ಕುದುರೆಮುಖದಲ್ಲಿ ಇನ್ನೊಂದು ಬಗೆ ಕಂಡಿತು. ಅಲ್ಲಿನ ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟದ ಇಳಿಜಾರಿನಗುಂಟ ಪಣಂಬೂರಿಗೆ ತರಲಾಯಿತು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಿಂದ ಗಣಿಗಾರಿಕೆ ನಿಂತಿತು, ಕಾಡು, ಭದ್ರಾ ನದಿ ಉಸಿರಾಡಿದವು. ಆದರೆ ಎಂಜಿನಿಯರಿಂಗ್ ದೃಷ್ಟಿಯಲ್ಲಿ ಆ ಕೊಳವೆ ಒಂದು ಮಾತನ್ನು ಖಚಿತಪಡಿಸುತ್ತದೆ. ಘಟ್ಟದಲ್ಲಿ ನೀರು ಹೊತ್ತದ್ದು ಕೆಳಗಿಳಿಯುವ ಭಾರವನ್ನು. ಏರುವ ಯಾತ್ರಿಕರ ಸಾಲು ಅಲ್ಲಿರಲಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವನ್ನು ಎದುರಿಸಲೇಬೇಕು. ಇದೆಲ್ಲ ಆಮೇಲೆ ಹೆಣೆದ ಸಮರ್ಥನೆ. ನಿಜವಾದ ಕಾರಣ ವಸಾಹತು ಆಡಳಿತದ ಅಸಡ್ಡೆ, ಎನ್ನುವವರಿದ್ದಾರೆ. ಆ ಮಾತಿನಲ್ಲಿ ತಥ್ಯವಿದೆ. ಮದ್ರಾಸ್ ಪ್ರಾಂತ್ಯದ ಮೂಲೆಯಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ, ಮಂಗಳೂರಿಗೆ, ರೈಲು ಮುಟ್ಟಿದ್ದು 1907ರಲ್ಲಿ. ಹಾಸನ-ಮಂಗಳೂರು ಘಟ್ಟದ ಹಳಿ 57 ಸುರಂಗಗಳನ್ನು ದಾಟಿ ಬಂದದ್ದು 1979ರಲ್ಲಿ, ಸ್ವಾತಂತ್ರ್ಯ ಬಂದು ಮೂವತ್ತೆರಡು ವರ್ಷವಾದ ಮೇಲೆ. ಎರ್ಮಾಳಿನ ಬದಿಯಲ್ಲಿ ಕೊಂಕಣ ರೈಲು ಓಡಲು 1990ರ ದಶಕವೇ ಬರಬೇಕಾಯಿತು. ಅಸಡ್ಡೆ ಇತ್ತು, ಸಂದೇಹವಿಲ್ಲ. ಆದರೆ ನೀರಿನ ರೈಲು ಬರದಿರುವುದನ್ನು ಅದೊಂದೇ ವಿವರಿಸುವುದಿಲ್ಲ. ಅಸಡ್ಡೆ ಇಲ್ಲದ ಕಡೆಯೂ ಅದು ಬರಲಿಲ್ಲ. ಇದಕ್ಕೆ ನೀಲಗಿರಿಯೇ ಸಾಕ್ಷಿ. ಬೊಂ ಜೆಸುಸ್ ರೈಲಿನ ವಿನ್ಯಾಸ ಮಾಡಿದ ಸ್ವಿಸ್ ಎಂಜಿನಿಯರ್ ನಿಕ್ಲಾಸ್ ರಿಗೆನ್‌ಬಾಖ್. 1871ರಲ್ಲಿ ರಿಗಿ ಪರ್ವತಕ್ಕೆ ಹಲ್ಲುಕಂಬಿಯ ರೈಲು ಹತ್ತಿಸಿದವನೂ ಅವನೇ. ಆತ 1880ರ ದಶಕದ ಆರಂಭದಲ್ಲಿ, ಎಂದರೆ ಬೊಂ ಜೆಸುಸ್ ರೈಲು ಹೊಸದಾಗಿದ್ದ ದಿನಗಳಲ್ಲೇ, ಕೂನೂರಿಗೆ ಬಂದು ನೀಲಗಿರಿ ರೈಲಿಗೆ ಅಂದಾಜು ಕೊಟ್ಟು ಹೋದ. ಮದ್ರಾಸ್ ಸರ್ಕಾರಕ್ಕೆ ಊಟಿ ಬೇಸಗೆಯ ರಾಜಧಾನಿ. ಅಲ್ಲಿ ಆಸಕ್ತಿಗೆ ಕೊರತೆ ಇರಲಿಲ್ಲ. ನೀರಿನ ರೈಲನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನೇ ಬಂದಿದ್ದ. ಆದರೂ ಅಲ್ಲಿ ಕೊನೆಗೆ ಬಂದದ್ದು ಉಗಿ ಎಂಜಿನ್ನಿನ ಹಲ್ಲುಕಂಬಿ ರೈಲು: ಕೂನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ. ಮೇಟ್ಟುಪಾಳಯದಿಂದ ಊಟಿಗೆ 46 ಕಿಲೋಮೀಟರ್, ಅಡಿಗಡಿಗೆ ತಿರುವು. ಎರಡು ಬೋಗಿಗೆ ಕಟ್ಟಿದ ಹಗ್ಗ ಅಷ್ಟು ದೂರಕ್ಕೆ ಎಳೆಯದು. ಹಗ್ಗದ ಸ್ವಂತ ತೂಕವೇ ಎಳೆತವನ್ನು ನುಂಗುತ್ತದೆ. ಜ್ಞಾನವಿದ್ದು, ಆಸಕ್ತಿಯಿದ್ದು, ನೆಲ ಒಪ್ಪದ ಕಾರಣಕ್ಕೆ ಬಿಟ್ಟ ತಂತ್ರ ಇದು.

ಇನ್ನೊಂದು ಆಕ್ಷೇಪ: ಬೇಸಗೆಯಲ್ಲಿ ನೀರಿಲ್ಲದಿದ್ದರೆ ಮೇಲೊಂದು ಕೆರೆ ಕಟ್ಟಬಹುದಿತ್ತು, ಅಥವಾ ಚೆಲ್ಲಿದ ನೀರನ್ನೇ ಪಂಪಿನಿಂದ ಮತ್ತೆ ಮೇಲೆತ್ತಬಹುದಿತ್ತು. ವೀಸ್‌ಬಾಡೆನ್ನಿನಲ್ಲಿ ನಡೆಯುವುದು ಹಾಗೆಯೇ; ಇಂಗ್ಲೆಂಡಿನ ಸಾಲ್ಟ್‌ಬರ್ನ್ ಎಂಬ ಕಡಲೂರಿನಲ್ಲೂ 1884ರಿಂದ ಅದೇ ಪದ್ಧತಿ. ಸರಿ, ಆದರೆ ಪಂಪು ಬಂದ ಗಳಿಗೆಯಲ್ಲಿ ಶಕ್ತಿಯ ಮೂಲ ಬದಲಾಗುತ್ತದೆ. ಆಗ ರೈಲನ್ನು ಎತ್ತುವುದು ಪಂಪಿನ ಎಂಜಿನ್. ನೀರು ನಡುವಿನ ದಲ್ಲಾಳಿ. ಎಂಜಿನ್ ಸಣ್ಣದಿದ್ದರೂ ನಡೆಯುತ್ತದೆ ಎಂಬುದು ಅದರ ಲಾಭ: ಇಡೀ ದಿನ ನಿಧಾನವಾಗಿ ನೀರೆತ್ತಿ, ಜನ ಬಂದಾಗ ಒಮ್ಮೆಲೇ ಬಳಸಬಹುದು. ಯುರೋಪಿನ ವಿಹಾರತಾಣಕ್ಕೆ ಆ ಲಾಭ ಸಾಕಾಯಿತು. ಕೆಳಗಿನ ನದಿಯ ನೀರು ಮೇ ತಿಂಗಳಲ್ಲಿ ಕುಡಿಯಲಿಕ್ಕೇ ಸಾಲದ ಊರಿಗೆ ಅದು ಲಾಭವಲ್ಲ. ನೆತ್ತಿಯ ಕೆರೆಯ ಮಾತು ಇನ್ನೂ ಕಷ್ಟ; ಮುರಕಲ್ಲಿನ ಮೇಲೆ ನೀರು ನಿಲ್ಲಿಸಬೇಕಾದರೆ ತಳಕ್ಕೆ ಗಾರೆ ಹಾಕಬೇಕು, ನಿಂತ ನೀರು ಬೇಸಗೆಯ ಬಿಸಿಲಿಗೆ ಆರುವುದನ್ನೂ ನೋಡಬೇಕು. ನಾಲ್ಕು ತಿಂಗಳ ಮಳೆಯನ್ನು ಎಂಟು ತಿಂಗಳಿಗೆ ಹಂಚುವಷ್ಟು ದೊಡ್ಡ ಅಣೆಕಟ್ಟು ಕಟ್ಟುವ ಹಣ, ಜನ ಸೇರಿದಾಗ ನಮ್ಮ ನಾಡು ಅದನ್ನು ಒಂದು ಬೋಗಿಗಾಗಿ ಕಟ್ಟಲಿಲ್ಲ. ಸಾವಿರಾರು ಊರುಗಳಿಗಾಗಿ ಕಟ್ಟಿತು.

ಬೀಳುವ ನೀರಿನ ಕಥೆ ಇಲ್ಲಿಂದ ಬೇರೆ ದಾರಿ ಹಿಡಿಯುತ್ತದೆ, ಮತ್ತು ಕಾಲ ನೋಡಿದರೆ ಅದು ಯುರೋಪಿನ ನೀರಿನ ರೈಲುಗಳ ಕಾಲವೇ. ಘಟಪ್ರಭೆ 52 ಮೀಟರ್ ಧುಮುಕುವ ಗೋಕಾಕದಲ್ಲಿ ಜಲಬಲದಿಂದ ಹತ್ತಿ ಗಿರಣಿ ನಡೆಸಲು ಕಂಪನಿಯೊಂದು 1885ರಲ್ಲಿ ಹುಟ್ಟಿತು. 1887ರಲ್ಲಿ ಗಿರಣಿ ಶುರುವಾಯಿತು. ಬೊಂ ಜೆಸುಸ್‌ಗೂ ಇದಕ್ಕೂ ಐದೇ ವರ್ಷದ ಅಂತರ. ಗೋಕಾಕದ ನೀರು ನೂಲು ತೆಗೆಯಿತು. ಆಮೇಲೆ ಬಂದದ್ದು ಶಿವನಸಮುದ್ರ. ಮೈಸೂರು ಸಂಸ್ಥಾನದ ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಒತ್ತಾಸೆ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಅವರ ಯೋಜನೆ. ಜ್ಯೂರಿಕ್ ನಗರದ ಎಷರ್ ವಿಸ್ ಕಂಪನಿಯ ಟರ್ಬೈನು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜನರೇಟರು. ಯಂತ್ರದ ಭಾಗಗಳನ್ನು ಕಾಡುದಾರಿಯಲ್ಲಿ ಎಳೆಯಲು ಆನೆಗಳೂ ಎತ್ತಿನ ಗಾಡಿಗಳೂ ಬೇಕಾದವು. ಕಾವೇರಿಯನ್ನು ಕಾಲುವೆಯಲ್ಲಿ ಕಣಿವೆಯ ಅಂಚಿಗೆ ತಂದು, ಸುಮಾರು 400 ಅಡಿ ಕೆಳಗೆ ಕೊಳವೆಗಳಲ್ಲಿ ಇಳಿಸಿ, 1902ರ ಜೂನ್ 30ರಂದು ಅಲ್ಲಿಂದ 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಕಳಿಸಲಾಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪಗಳು ಅದೇ ನೀರಿನಿಂದ ಬೆಳಗಿದವು. ಇಲ್ಲಿರುವ ಮುಖ್ಯ ಅಂಶ ದೂರ. ನೀರಿನ ರೈಲಿಗೆ ಬಿಡಿಸಲಾಗದ ಕಟ್ಟೊಂದಿದೆ: ನೀರು ಬೀಳುವ ಗುಡ್ಡದಲ್ಲೇ ಎತ್ತಬೇಕಾದ ಭಾರವೂ ಇರಬೇಕು. ಕೋಲಾರದ ಗಣಿಯಲ್ಲಿ ಪಾತಾಳದಿಂದ ಅದಿರು ಎತ್ತಬೇಕಿತ್ತು, ಆದರೆ ಅಲ್ಲಿ ಜಲಪಾತವಿಲ್ಲ. ಶಿವನಸಮುದ್ರದಲ್ಲಿ ಜಲಪಾತವಿತ್ತು, ಎತ್ತಬೇಕಾದ ಭಾರ ಇರಲಿಲ್ಲ. ಆ ಎರಡನ್ನು ತಂತಿ ಬೆಸೆಯಿತು.

ಶಿವನಸಮುದ್ರದಲ್ಲೇ ನೀರಿನ ರೈಲಿನ ಅತಿ ಹತ್ತಿರದ ಬಂಧುವೂ ಇದೆ. ಕಣಿವೆಯ ಅಂಚಿನಿಂದ ಪವರ್ ಹೌಸಿಗೆ ಇಳಿಯಲು ಕಡಿದಾದ ಓರೆಯಲ್ಲಿ ಹಳಿ ಹಾಕಿ, ಉಕ್ಕಿನ ಹಗ್ಗಕ್ಕೆ ಕಟ್ಟಿದ ಟ್ರಾಲಿಯನ್ನು ಬಳಸುತ್ತ ಬಂದಿದ್ದಾರೆ. ದಪ್ಪ ಕೊಳವೆಗಳೊಳಗೆ ನೀರು ಇಳಿಯುವ ಇಳಿಜಾರಿನಲ್ಲೇ ಕೆಲಸಗಾರರೂ ಇಳಿದು ಏರುತ್ತಾರೆ. ಶರಾವತಿಯ ಕಣಿವೆಯಲ್ಲಿ, 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರದಲ್ಲೂ ಇಂಥ ಓರೆಹಳಿಯ ಟ್ರಾಲಿ ಇದೆ. ಜನ ಅದನ್ನು ವಿಂಚ್ ಎಂದು ಕರೆಯುತ್ತಾರೆ. ಇದಕ್ಕೂ ನೀರಿನ ರೈಲಿಗೂ ಏನು ಸಂಬಂಧ, ವಿಂಚನ್ನು ತಿರುಗಿಸುವುದು ಮೋಟಾರಲ್ಲವೇ ಎಂದು ಕೇಳಬಹುದು. ಉತ್ತರ ಸ್ವಿಟ್ಜರ್ಲೆಂಡಿನ ಗೀಸ್‌ಬಾಖ್ ಎಂಬಲ್ಲಿದೆ. ಬ್ರಿಯೆಂಜ್ ಕೆರೆಯ ದಡದಿಂದ ಹೋಟೆಲಿಗೆ ಜನರನ್ನು ಏರಿಸುವ ಅಲ್ಲಿನ ರೈಲು 1879ರಲ್ಲಿ ನೀರಿನ ಟ್ಯಾಂಕಿಯಿಂದ ಆರಂಭವಾಯಿತು. 1912ರಲ್ಲಿ ಟ್ಯಾಂಕಿ ತೆಗೆದು ಅದೇ ಜಲಪಾತದ ನೀರಿಗೆ ಟರ್ಬೈನು ಕೂರಿಸಿದರು. 1948ರಲ್ಲಿ ವಿದ್ಯುತ್ ಮೋಟಾರು ಬಂತು. ಟ್ಯಾಂಕಿ, ಟರ್ಬೈನು, ತಂತಿ ಎಂಬ ಮೂರು ಮೆಟ್ಟಿಲನ್ನು ಒಂದೇ ಗುಡ್ಡದ ರೈಲು ಎಪ್ಪತ್ತು ವರ್ಷದಲ್ಲಿ ದಾಟಿತು. ನಮ್ಮ ನಾಡು ಮೊದಲ ಮೆಟ್ಟಿಲನ್ನು ಬಿಟ್ಟು ಎರಡನೆಯದರಲ್ಲಿ ಗೋಕಾಕ ಕಟ್ಟಿತು, ಮೂರನೆಯದರಲ್ಲಿ ಶಿವನಸಮುದ್ರ ಕಟ್ಟಿತು. ಗೀಸ್‌ಬಾಖ್ ಮೂರನೆಯ ಮೆಟ್ಟಿಲಿಗೆ ಬಂದದ್ದು ಶಿವನಸಮುದ್ರಕ್ಕಿಂತ 46 ವರ್ಷ ತಡವಾಗಿ.

ಉಡುಪಿ ಜಿಲ್ಲೆಯ ಪಾಲಿಗೆ ಈ ಸರಣಿಯ ಕೊನೆಯ ಕೊಂಡಿ ವಾರಾಹಿ. ಘಟ್ಟದ ಮೇಲೆ ಮಾಣಿಯಲ್ಲಿ ಅಣೆಕಟ್ಟು, ಘಟ್ಟದ ಬುಡದಲ್ಲಿ ಹೊಸಂಗಡಿಯ ಬಳಿ ಬಂಡೆಯ ಹೊಟ್ಟೆಯೊಳಗೆ ವಿದ್ಯುದಾಗಾರ. 1989ರಲ್ಲಿ ಆರಂಭ, ಇಂದಿನ ಸಾಮರ್ಥ್ಯ 460 ಮೆಗಾವ್ಯಾಟ್. ಮೇಲಿನ ಜಲಾಶಯದಿಂದ ಕೆಳಗಿನ ಟರ್ಬೈನಿಗೆ ನೀರು ನಾನೂರು ಮೀಟರಿಗೂ ಮಿಕ್ಕಿ ಬೀಳುತ್ತದೆ. ವೀಸ್‌ಬಾಡೆನ್ನಿನ ಬೋಗಿ ಒಂದು ಸಲಕ್ಕೆ ಹೊರುವ ಆ 7,000 ಲೀಟರ್ ನೀರನ್ನು ಇಲ್ಲಿ ಬಿಟ್ಟರೆ, ನಷ್ಟ ಕಳೆದೂ ಆರು ಯೂನಿಟ್ಟಿಗೆ ಕಡಿಮೆಯಿಲ್ಲದ ವಿದ್ಯುತ್ ಸಿಗುತ್ತದೆ. ಮಳೆಗಾಲದ ನೀರನ್ನು ಜಲಾಶಯ ಬೇಸಗೆಗೆ ಕೂಡಿಟ್ಟಿರುತ್ತದೆ. ನೆತ್ತಿಯಲ್ಲಿ ವರ್ಷವಿಡೀ ನೀರು ಬೇಕೆಂಬ ಷರತ್ತನ್ನು ಘಟ್ಟ ಹೀಗೆ ಪೂರೈಸಿತು. ಹೀಗೆ ಹುಟ್ಟಿದ ವಿದ್ಯುತ್ ಅದೇ ಜಾಲದಲ್ಲಿ ಮಣಿಪಾಲಕ್ಕೂ ಬರುತ್ತದೆ. ಎರ್ಮಾಳಿನ ನೆರೆಯ ಎಲ್ಲೂರಿನಲ್ಲಿ ಹಡಗಿನ ಕಲ್ಲಿದ್ದಲು ಸುಟ್ಟು 1,200 ಮೆಗಾವ್ಯಾಟ್ ತೆಗೆಯುವ ಸ್ಥಾವರವೂ ಆ ಜಾಲಕ್ಕೇ ಸೇರಿದೆ. ಹೊಗೆಯಿಲ್ಲದೆ, ಬೂದಿಯಿಲ್ಲದೆ ಬರುವ ಘಟ್ಟದ ನೀರಿನ ಬೆಲೆ ಏನೆಂದು ಆ ಊರುಗಳ ಜನರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಜಲಾಶಯಕ್ಕೆ ಬೆಲೆ ತೆತ್ತಿಲ್ಲ ಎಂದಲ್ಲ. ಮುಳುಗಿದ ಕಾಡು, ಎಬ್ಬಿಸಿದ ಮನೆ ಆ ಬೆಲೆ. ನೀರಿನ ರೈಲಿನ ಪುಟ್ಟ ಟ್ಯಾಂಕಿ ಯಾರ ಮನೆಯನ್ನೂ ಮುಳುಗಿಸಲಿಲ್ಲ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದೆ ನಮ್ಮ ದಾರಿಯೇ ಮೇಲೆಂದು ಬೀಗುವುದು ನ್ಯಾಯವಲ್ಲ.

ಉಳಿದದ್ದು ಎದುರುಭಾರ. ಅದನ್ನು ನಾವು ಯಾರಿಂದಲೂ ಕಲಿಯಬೇಕಿರಲಿಲ್ಲ. ಪಂಪು ಬರುವ ಮುಂಚೆ ಕರಾವಳಿಯ ತೋಟ, ಬಯಲಿನ ಗದ್ದೆಗಳಿಗೆ ನೀರುಣಿಸಿದ ಏತದ ಬಾಲಕ್ಕೆ ಕಲ್ಲು ಕಟ್ಟಿದ್ದು ಇದಕ್ಕಾಗಿಯೇ: ಖಾಲಿ ಮರಿಗೆಯನ್ನು ಇಳಿಸುವಾಗ ಮನುಷ್ಯ ತನ್ನ ತೂಕ ಹಾಕುತ್ತಾನೆ, ತುಂಬಿದ ಮರಿಗೆಯನ್ನು ಎತ್ತುವಾಗ ಕಲ್ಲು ಅವನ ಪಾಲಿನ ಕೆಲಸ ಮಾಡುತ್ತದೆ. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಹಗ್ಗ ಎಳೆದು ಬಾವಿಯ ನೀರೆತ್ತಿದ್ದೂ ತೂಕವನ್ನು ದುಡಿಸುವ ಜಾಣ್ಮೆಯೇ. ಗಮನಿಸಬೇಕಾದ್ದು ಒಂದಿದೆ. ಬ್ರಾಗಾದಲ್ಲಿ ನೀರು ಇಳಿದು ಮನುಷ್ಯರನ್ನು ಎತ್ತಿತು. ನಮ್ಮಲ್ಲಿ ಮನುಷ್ಯರು, ಎತ್ತುಗಳು ಇಳಿದು ನೀರನ್ನು ಎತ್ತಿದವು. ನೀರು ಎಲ್ಲಿ ಮೇಲಿದೆ, ಎಲ್ಲಿ ಕೆಳಗಿದೆ ಎಂಬುದೇ ಯಂತ್ರದ ದಿಕ್ಕನ್ನು ತೀರ್ಮಾನಿಸಿತು. ಇಂದು ಮಣಿಪಾಲದ ಎತ್ತರದ ಕಟ್ಟಡಗಳ ಲಿಫ್ಟಿನಲ್ಲಿ ಅದೇ ಎದುರುಭಾರ ಗೋಡೆಯ ಮರೆಯಲ್ಲಿ ಏರಿಳಿಯುತ್ತದೆ: ಲಿಫ್ಟಿನ ಪೆಟ್ಟಿಗೆಯ ತೂಕಕ್ಕೆ ಅದು ಹೊರುವ ಭಾರದ ಅರ್ಧದಷ್ಟು ಸೇರಿಸಿ ತೂಗಿಸಿದ ಕಬ್ಬಿಣದ ದಿಂಡು, ನಡುವೆ ಉಕ್ಕಿನ ಹಗ್ಗ, ಮೇಲೊಂದು ರಾಟೆ. ಬೊಂ ಜೆಸುಸ್ಸಿನ ಎರಡನೇ ಬೋಗಿಯ ಕೆಲಸವನ್ನು ಆ ದಿಂಡು ಮಾಡುತ್ತದೆ, ಮೊದಲ ಬೋಗಿಯ ನೀರಿನ ಕೆಲಸದ ಒಂದು ಪಾಲನ್ನು ವಾರಾಹಿ ಮಾಡುತ್ತದೆ. ಯುರೋಪಿನ ಕೆಲವು ಗುಡ್ಡಗಳಲ್ಲಿ ಒಂದೇ ಬೋಗಿಯಲ್ಲಿ ಕೂಡಿದ್ದನ್ನು ನಮ್ಮ ನಾಡು ಎರಡಾಗಿ ಬಿಡಿಸಿ, ದೂರದೂರಕ್ಕೆ ಹಂಚಿ, ಹೆಚ್ಚು ಜನರಿಗೆ ಮುಟ್ಟಿಸಿತು.

ಹಾಗಾದರೆ ನೀರಿನ ರೈಲು ಕಾಲ ಸಂದ ತಂತ್ರವೇ? ಹಲವು ಕಡೆ ಹೌದು. ಲಿಸ್ಬನ್ ನಗರದ ಗ್ಲೋರಿಯಾ ರೈಲು 1885ರಲ್ಲಿ ನೀರಿನಿಂದ ಶುರುವಾಗಿ ಉಗಿಗೆ, ಅಲ್ಲಿಂದ ವಿದ್ಯುತ್ತಿಗೆ ಹೊರಳಿತು. 2025ರ ಸೆಪ್ಟೆಂಬರ್ 3ರಂದು ಅದರ ಹಗ್ಗ ಕಳಚಿ ಬೋಗಿ ಉರುಳಿ 16 ಜನ ಸತ್ತರು. ಅದರಿಂದ ಹಗ್ಗದ ರೈಲೇ ಅಪಾಯ ಎಂದು ತೀರ್ಮಾನಿಸುವುದು ಅವಸರ. ನೀರಾಗಲಿ ವಿದ್ಯುತ್ತಾಗಲಿ, ಎರಡು ಬೋಗಿಗಳ ಜೀವ ಒಂದೇ ಹಗ್ಗದಲ್ಲಿರುವಾಗ ಹಗ್ಗ ಕೈಕೊಟ್ಟರೂ ಬೋಗಿಯನ್ನು ನಿಲ್ಲಿಸಬಲ್ಲ ಸ್ವತಂತ್ರ ಬ್ರೇಕು ಇರಬೇಕೆಂಬುದು ಅದರ ಪಾಠ. ಬೊಂ ಜೆಸುಸ್ಸಿನ ಹಲ್ಲುಕಂಬಿ ಬೋಗಿಯನ್ನು ನೆಲಕ್ಕೇ ಕಚ್ಚಿ ಹಿಡಿಯುವುದು ಅಂಥದೊಂದು ವ್ಯವಸ್ಥೆ. ತನ್ನ ಷರತ್ತುಗಳು ಪೂರೈಸಿದ ಕಡೆ ನೀರಿನ ರೈಲು ನೂರನಲವತ್ತು ವರ್ಷ ದಾಟಿಯೂ ಇಂಧನದ ಖರ್ಚಿಲ್ಲದೆ ದುಡಿಯುತ್ತಿರುವಾಗ ಅದನ್ನು ಕಾಲ ಸಂದದ್ದು ಎನ್ನಲಾಗದು. ತಂತ್ರಕ್ಕೆ ವಯಸ್ಸಿಗಿಂತ ಜಾಗ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಈ ಚರಿತ್ರೆಯಿಂದ ಇಂದಿಗೆ ಎರಡು ಮಾತು ಹೊರಡುತ್ತವೆ. ಪಳನಿಯ ವಿಂಚ್ 1966ರಿಂದ, ನಾಸಿಕದ ಬಳಿಯ ಸಪ್ತಶೃಂಗಿಯ ಹಗ್ಗದ ರೈಲು 2018ರಿಂದ ಯಾತ್ರಿಕರನ್ನು ಏರಿಸುತ್ತಿವೆ. ಕರ್ನಾಟಕದಲ್ಲೂ ನಂದಿಬೆಟ್ಟ, ಚಾಮುಂಡಿಬೆಟ್ಟಗಳಿಗೆ ರೋಪ್‌ವೇ ಬೇಕೇ ಬೇಡವೇ ಎಂಬ ಚರ್ಚೆ ಮತ್ತೆಮತ್ತೆ ಏಳುತ್ತದೆ. ಅಂಥ ಪ್ರತಿ ಯೋಜನೆಗೂ ಈ ಪ್ರಶ್ನೆಗಳನ್ನು ಕೇಳಬೇಕು: ಮೇಲೆ ಏನಿದೆ, ಕೆಳಗೆ ಏನಿದೆ, ಭಾರ ಯಾವ ಕಡೆಗೆ ಸಾಗುತ್ತದೆ, ಬೇರೆಯವರ ಪಾಲಿನ ಏನನ್ನು ನಾವು ಖರ್ಚು ಮಾಡುತ್ತಿದ್ದೇವೆ. ಬೇರೊಂದು ದೇಶದ ಗುಡ್ಡದಲ್ಲಿ ಚೆನ್ನಾಗಿ ಕಂಡಿತೆಂದು ತಂದು ನಿಲ್ಲಿಸಿದ್ದು ಇಲ್ಲಿ ನಿಲ್ಲುವುದಿಲ್ಲ. ಎರಡನೆಯ ಮಾತು ಉಳಿಸಿಕೊಳ್ಳುವ ಕುರಿತು. ಪೋರ್ಚುಗಲ್ ತನ್ನ ನೀರಿನ ರೈಲನ್ನು ಕಾಪಾಡಿಕೊಂಡಿತು. ಬೊಂ ಜೆಸುಸ್ ಗುಡ್ಡ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆದರೆ ನಮ್ಮ ಗೋಕಾಕದ ಯಂತ್ರಗಳು, ಶಿವನಸಮುದ್ರದ ಕೊಳವೆ ಮತ್ತು ಓರೆಹಳಿ, ಜೋಗದ ವಿಂಚ್, ಕಾಸರಗೋಡಿನ ಸುರಂಗಗಳು ಬಿಡಿಬಿಡಿಯಾಗಿ, ಒಂದನ್ನೊಂದು ಅರಿಯದಂತೆ ಬಿದ್ದಿವೆ. ಒಂದು ಪ್ರವಾಸಿ ತಾಣ, ಇನ್ನೊಂದು ನಿಗಮದ ಆಸ್ತಿ, ಮತ್ತೊಂದು ಬಡ ರೈತನ ತೋಟದ ಮೂಲೆ. ಇವೆಲ್ಲ ನೀರಿನ ತೂಕವನ್ನು ಅರಿತು ದುಡಿಸಿಕೊಂಡ ಒಂದೇ ಚರಿತ್ರೆಯ ಅಧ್ಯಾಯಗಳು. ಅವನ್ನು ಅಳೆದು, ಚಿತ್ರ ಬರೆದು, ದುಡಿದ ಕೈಗಳ ಮಾತನ್ನು ದಾಖಲಿಸಿ ಒಟ್ಟಾಗಿ ಓದುವ ಕೆಲಸ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೂ ಇತಿಹಾಸ ವಿಭಾಗಗಳಿಗೂ ಸೇರಿದ್ದು. ಅಷ್ಟಾದರೆ, ನಮ್ಮ ಬೆಟ್ಟದ ನೀರು ಯಾರನ್ನು ಹೊತ್ತಿತು ಎಂಬ ಪ್ರಶ್ನೆಗೆ ಮುಂದಿನವರು ಹೆಸರು, ಊರು, ವರ್ಷಗಳ ಸಮೇತ ಉತ್ತರ ಹೇಳಬಲ್ಲರು.